ಗೃಹಕೃತ್ಯ: ಮಿತವ್ಯಯವು ಎಲ್ಲಿಂದ ಮೊದಲಾಗಬೇಕು?

ದಿನಸಿಯ ಬೆಲೆ ಏರುತ್ತಿರುವಾಗ, ವರಮಾನವು ಇದ್ದಲ್ಲಿಯೇ ನಿಂತಿರುವಾಗ, ಗೃಹಸ್ಥನಾದವನಿಗೆ “ಖರ್ಚು ತಗ್ಗಿಸಿರಿ” ಎಂದು ಉಪದೇಶಿಸುವುದು ಬಹು ಸುಲಭ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಹಾಸಿಗೆಯೇ ಮೊಟಕಾದಾಗ ಮನೆಯೊಳಗೆ ಯಾರು ಮೊದಲು ಕಾಲು ಮಡಿಸಬೇಕಾಗುತ್ತದೆ ಎಂಬುದನ್ನು ವಿಚಾರಿಸುವವರು ವಿರಳ. ಈ ಮಾಸ ವಾಚಕ ಮಹಾಶಯರೊಡನೆ ಅದೊಂದನ್ನೇ ಕುರಿತು ವಿಚಾರಮಾಡಬೇಕೆಂದಿದ್ದೇನೆ.

ಕಷ್ಟಕಾಲ ಬಂದ ಮನೆಯಲ್ಲಿ ಸಾಲದ ಕಂತು ನಿಲ್ಲುವುದಿಲ್ಲ. ಸಾಲ ಕೊಟ್ಟವನು ಬಾಗಿಲಿಗೆ ಬರುವನು. ನಂಟರ ಮದುವೆಯ ಉಡುಗೊರೆ ನಿಲ್ಲುವುದಿಲ್ಲ. ನಾಲ್ಕು ಜನ ಏನೆಂದಾರೆಂಬ ಭಯ. ನಿಲ್ಲುವುದು ಯಾವುದೆಂದರೆ ಒಂದಿಷ್ಟು ಹಾಲು, ಒಂದು ಹಿಡಿ ಬೇಳೆ, ಒಂದು ಕಟ್ಟು ಸೊಪ್ಪು. ಸಾರು ತೆಳ್ಳಗಾಗುತ್ತದೆ. ಎಲ್ಲರೂ ಉಂಡ ಬಳಿಕ ಉಣ್ಣುವ ಗೃಹಿಣಿಗೆ ಪಾತ್ರೆಯ ತಳದಲ್ಲಿ ಉಳಿದುದೇ ಗತಿ. ಆಕೆ ದೂರುವುದಿಲ್ಲ, ಆದುದರಿಂದ ಆ ಉಳಿತಾಯವು ಯಾರ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಭಾರತದ 15ರಿಂದ 49 ವರ್ಷ ವಯಸ್ಸಿನ ಸ್ತ್ರೀಯರ ಪೈಕಿ ಶೇಕಡಾ 57 ಮಂದಿಗೆ ರಕ್ತಹೀನತೆಯಿರುವುದು ಕಂಡುಬಂದಿತು. ಇದಕ್ಕೆ ಕಾರಣಗಳು ಅನೇಕ; ಅವುಗಳಲ್ಲಿ ಊಟದ ತಟ್ಟೆಯೂ ಒಂದು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜ್ಯದ ಲೆಕ್ಕವನ್ನೆಲ್ಲ ಮೂರು ಮಾತುಗಳಲ್ಲಿ ಹಿಡಿದಿದೆ: ಆಯ, ವ್ಯಯ, ನೀವಿ. ಬಂದದ್ದು ಆಯ, ಹೋದದ್ದು ವ್ಯಯ, ಬಂದುದರಲ್ಲಿ ಹೋದುದನ್ನು ಕಳೆದು ಉಳಿದದ್ದು ನೀವಿ. ಇದೇ ಶಬ್ದಕ್ಕೆ ಅಮರಕೋಶದಲ್ಲಿ ಮೂಲಧನವೆಂಬ ಅರ್ಥವೂ, ಸ್ತ್ರೀಯರು ಉಟ್ಟ ಬಟ್ಟೆಯ ನಡುಗಂಟು ಎಂಬ ಅರ್ಥವೂ ಉಂಟು. ಈ ಎರಡರ ಸಂಬಂಧವೇನೆಂಬ ಚರ್ಚೆ ಪಂಡಿತರಿಗಿರಲಿ. ಸೀರೆಯ ಗಂಟಿನಿಂದ ಹಣ ಬಿಚ್ಚಿ ಮನೆಯ ಮಾನ ಉಳಿಸಿದ ಅಜ್ಜಿಯರನ್ನು ಕಂಡವರಿಗೆ ಅದು ಹೊಸದಲ್ಲ. ಅಂಥವಳ ಶರೀರವನ್ನು ಸವೆಸಿ ಹಣ ಉಳಿಸುವುದೆಂದರೆ ಮೂಲಧನವನ್ನೇ ತಿಂದಂತಾಯಿತು. ಅದಕ್ಕೆ ಮಿತವ್ಯಯವೆಂಬ ಹೆಸರು ಸಲ್ಲದು, ಅದು ಕಾರ್ಪಣ್ಯ.

ಆದುದರಿಂದ ಖರ್ಚನ್ನು ಕಡಿಯುವುದಕ್ಕೂ ಒಂದು ಕ್ರಮವಿರಬೇಕು. ಮೊದಲು ಬಡ್ಡಿ, ಅನಂತರ ಉರಿ, ಆಮೇಲೆ ಅಂಗಡಿ. ಅನ್ನದ ತಂಟೆಗೆ ಹೋಗುವುದು ಕಟ್ಟಕಡೆಗೆ.

ಬಡ್ಡಿಯ ಮಾತನ್ನು ಮೊದಲು ತೆಗೆದುಕೊಳ್ಳೋಣ. “ಮೂರು ರೂಪಾಯಿ ಬಡ್ಡಿ” ಎಂಬುದು ಕಿವಿಗೆ ಅಲ್ಪವಾಗಿ ಕೇಳುವುದು. ತಿಂಗಳಿಗೆ ನೂರಕ್ಕೆ ಮೂರೆಂದರೆ ವರ್ಷಕ್ಕೆ ಶೇಕಡಾ 36. 20,000 ರೂಪಾಯಿ ಸಾಲ ತಂದವನು ತಿಂಗಳಿಗೆ 600ರಂತೆ ವರ್ಷದಲ್ಲಿ 7,200 ರೂಪಾಯಿ ತೆತ್ತ ಮೇಲೂ ಅಸಲು ಕೂದಲಷ್ಟೂ ಕರಗುವುದಿಲ್ಲ. ದಿನಕ್ಕೆ 20 ರೂಪಾಯಿಯ ಹಾಲನ್ನು ನಿಲ್ಲಿಸಿದ ಮನೆಗೆ ತಿಂಗಳಿಗೆ ಉಳಿಯುವುದೂ ಅದೇ 600 ರೂಪಾಯಿ! ಮಕ್ಕಳ ಹಾಲು ಎಲ್ಲಿಗೆ ಹರಿಯಿತೆಂಬುದನ್ನು ಈ ಎರಡು ಅಂಕಿಗಳೇ ಹೇಳುವುವು. ಕ್ರೆಡಿಟ್ ಕಾರ್ಡು ಇಟ್ಟುಕೊಂಡವರೂ ಇದಕ್ಕೆ ಹೊರತಲ್ಲ. ಗಡುವಿನೊಳಗೆ ಪೂರ್ತಿ ಕಟ್ಟಿದವನಿಗೆ ಬಡ್ಡಿಯಿಲ್ಲ. “ಕನಿಷ್ಠ ಮೊತ್ತ” ಮಾತ್ರ ಕಟ್ಟಿದವನಿಗೆ ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇಕಡಾ ಮೂರನ್ನೂ ಮೀರಿದ ಬಡ್ಡಿ ಬೀಳುವುದು.

ಇದಕ್ಕೆ ಪರಿಹಾರವೇನು? ಬೀರುವಿನಲ್ಲಿ ಮಲಗಿರುವ ಒಡವೆಯನ್ನು ಬ್ಯಾಂಕಿನಲ್ಲಿಯೋ ಸಹಕಾರ ಸಂಘದಲ್ಲಿಯೋ ಇಟ್ಟು, ಕಡಿಮೆ ಬಡ್ಡಿಯ ಹಣದಿಂದ ಹೆಚ್ಚು ಬಡ್ಡಿಯ ಸಾಲವನ್ನು ತೀರಿಸತಕ್ಕದ್ದು. ಆ ಬಳಿಕ, ಹಿಂದೆ ಕಟ್ಟುತ್ತಿದ್ದಷ್ಟನ್ನೇ ಕಟ್ಟುತ್ತ ಬಂದು ಒಡವೆಯನ್ನು ಬಿಡಿಸಿಕೊಳ್ಳತಕ್ಕದ್ದು. ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದುದು ಇಂಥ ಬಡ್ಡಿಯಿಂದ ಒಕ್ಕಲಿಗರನ್ನು ಬಿಡಿಸುವುದಕ್ಕಾಗಿಯೇ. ನೂರಿಪ್ಪತ್ತು ವರ್ಷಗಳ ಮೇಲೆಯೂ ಕಿರುಸಾಲದ ಬಲಾತ್ಕಾರದ ವಸೂಲಿಯನ್ನು ತಡೆಯಲು ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತೆಂದರೆ, ರೋಗವು ಎಷ್ಟು ಬೇರೂರಿದೆಯೆಂದು ಊಹಿಸಬಹುದು.

ಎರಡನೆಯದು ಉರಿ. ನೀರು ಕುದಿಯಲಾರಂಭಿಸಿದ ಮೇಲೆ ಉರಿಯನ್ನು ಎಷ್ಟು ದೊಡ್ಡದು ಮಾಡಿದರೂ ಅದರ ಬಿಸಿ ಹೆಚ್ಚುವುದಿಲ್ಲ. ಹೆಚ್ಚುವುದು ಆವಿ ಮಾತ್ರ. ಕುದಿ ಬಂದೊಡನೆ ಉರಿ ತಗ್ಗಿಸಿ ಮುಚ್ಚಳ ಮುಚ್ಚಿದರೆ ಬೇಳೆಯು ಅಷ್ಟೇ ಹೊತ್ತಿನಲ್ಲಿ ಬೇಯುವುದು. ಕುಕ್ಕರಿನಲ್ಲಿ ಆವಿಯ ಒತ್ತಡದಿಂದ ಬಿಸಿಯು ಸುಮಾರು 120 ಡಿಗ್ರಿಯವರೆಗೆ ಏರುವುದರಿಂದ ಅಡಿಗೆ ಬೇಗನೆ ಆಗುವುದು. ಒತ್ತಡ ತುಂಬಿದ ಮೇಲೆ ಅಲ್ಲಿಯೂ ಸಣ್ಣ ಉರಿಯೇ ಸಾಕು. ಹುರುಳಿ, ಕಡಲೆ, ಅಲಸಂದೆಗಳನ್ನು ರಾತ್ರಿಯೇ ನೆನೆಹಾಕಬೇಕು. ಉರಿ ನೀಲಿಯಾಗಿರದೆ ಹಳದಿಗೆ ತಿರುಗಿದ್ದರೆ ಒಲೆಯ ಬರ್ನರನ್ನು ಶುಚಿಮಾಡಿಸಬೇಕು. ಸಿಲಿಂಡರಿನಲ್ಲಿರುವುದು 14.2 ಕಿಲೋಗ್ರಾಂ ಅನಿಲ. ಅದನ್ನು ಹೂಡಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಮಾಡಿರಿ. 30 ದಿನ ಬರುತ್ತಿದ್ದುದು 36 ದಿನ ಬಂದರೆ ವರ್ಷಕ್ಕೆ ಎರಡು ಸಿಲಿಂಡರಿನ ಹಣ ಉಳಿಯಿತು. ಯಾರೂ ಒಂದು ತುತ್ತನ್ನೂ ಬಿಡಬೇಕಾಗಲಿಲ್ಲ.

ಮೂರನೆಯದು ಅಂಗಡಿ. ಪಟ್ಟಿಯನ್ನು ಮನೆಯಲ್ಲಿಯೇ ಬರೆದುಕೊಂಡು, ಉಂಡು ಹೋಗಿರಿ. ಹಸಿದ ಕಣ್ಣಿಗೆ ಎಲ್ಲವೂ ಅವಶ್ಯವಾಗಿ ತೋರುವುದು. ಬೆಲೆ ಏರಿಸಲು ಅಂಜುವ ವ್ಯಾಪಾರಿಯು ಪೊಟ್ಟಣದ ತೂಕವನ್ನು ಇಳಿಸುವುದುಂಟು. ಬೆಲೆ ನೋಡುವವನು ಇದನ್ನು ಕಾಣನು, ತೂಕ ನೋಡುವವನು ಕಾಣುವನು. ಗ್ರಾಂ ಒಂದಕ್ಕೆ ಬೀಳುವ ಬೆಲೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂಬ ನಿಯಮವೂ ಈಗ ಇದೆ. ಶಾಲೆಗೆ ಹೋಗುವ ಮಕ್ಕಳಿಗೆ ಅದನ್ನು ಓದಿ ಹೋಲಿಸುವ ಕೆಲಸವನ್ನು ಒಪ್ಪಿಸಿರಿ. ಮನೆಗೂ ಲಾಭ, ಗಣಿತಕ್ಕೂ ಲಾಭ.

ಇನ್ನು ಅನ್ನ. ಇಲ್ಲಿ ಮಾಡತಕ್ಕದ್ದು ಕಡಿತವಲ್ಲ, ಬದಲಾವಣೆ. ರಾಗಿಯು ನಮ್ಮ ಸೀಮೆಯಲ್ಲಿ ಬಡವರ ಆಹಾರವೆಂದು ಕರೆಯಿಸಿಕೊಂಡಿತು. ಆದರೆ ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದಂಶವುಂಟು. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಬೆಲೆಯ ಕಾಳಿಗೆ ಬದಲಾಗಿ ಹುರುಳಿಯ ಸಾರು ಮಾಡಬಹುದು. ಹಿತ್ತಿಲ ನುಗ್ಗೆಯ ಸೊಪ್ಪಿಗೆ ಕಾಸು ಕೊಡಬೇಕಾಗಿಲ್ಲ. ಸೊಪ್ಪಿನ ಪಲ್ಯದ ಮೇಲೆ ನಿಂಬೆಯ ರಸ ಹಿಂಡಿದರೆ ಅದರೊಳಗಿನ ಕಬ್ಬಿಣದಂಶವು ದೇಹಕ್ಕೆ ಹೆಚ್ಚಾಗಿ ಸೇರುವುದು. ಊಟವಾದೊಡನೆ ಕಾಫಿ ಕುಡಿದರೆ ಕಡಿಮೆಯಾಗಿ ಸೇರುವುದು. ಅನ್ನದ ಗಂಜಿಯನ್ನು ಬಸಿದು ಚೆಲ್ಲುವವರು ಅಕ್ಕಿಯ ಸತ್ತ್ವವನ್ನೂ ಚೆಲ್ಲುವರು. ಇವು ಯಾವುವೂ ಹಣ ಬೇಡುವ ಉಪಾಯಗಳಲ್ಲ.

ಕೊನೆಗೆ ನೀವಿಯ ಮಾತು. ಹಳೆಯ ಮೈಸೂರು ಸೀಮೆಯ ಒಕ್ಕಲಿಗರು ರಾಗಿಯನ್ನು ಹಗೇವಿನಲ್ಲಿ ಹೂಳಿಡುತ್ತಿದ್ದುದು ಉಂಡು ಮಿಕ್ಕ ಮೇಲೆ ಅಲ್ಲ, ಸುಗ್ಗಿಯಲ್ಲಿಯೇ. ನಾವೂ ಹಾಗೆಯೇ ಸಂಬಳ ಬಂದ ದಿನವೇ ಒಂದಿಷ್ಟನ್ನು ತೆಗೆದಿಡಬೇಕು. ಅಂಚೆ ಕಚೇರಿಯ ಆವರ್ತ ಠೇವಣಿಗೆ ತಿಂಗಳಿಗೆ 100 ರೂಪಾಯಿ ಇದ್ದರೂ ಸಾಕು. ಅವಧಿ ಐದು ವರ್ಷ. ಅದು ಗೃಹಿಣಿಯ ಹೆಸರಿನಲ್ಲಿಯೇ ಇರಲಿ. ಸಾಸಿವೆಯ ಡಬ್ಬಿಯ ಗುಟ್ಟು ಎಲ್ಲ ಕಾಲಕ್ಕೂ ಭದ್ರವಲ್ಲವೆಂಬುದು 2016ರ ನವೆಂಬರ್ 8ರ ರಾತ್ರಿ 500, 1,000 ರೂಪಾಯಿಗಳ ನೋಟುಗಳು ರದ್ದಾದಾಗ ಎಷ್ಟೋ ಮನೆಗಳಲ್ಲಿ ತಿಳಿದುಬಂದಿತು.

ಬರುವ ತಿಂಗಳ ಮೊದಲ ದಿನ ಪತಿಪತ್ನಿಯರು ಬೆಳೆದ ಮಕ್ಕಳೊಡನೆ ಕುಳಿತು, ಒಂದು ಹಾಳೆಯ ಮೇಲೆ ಆಯ, ವ್ಯಯ, ನೀವಿ ಎಂದು ಮೂರು ಗೆರೆ ಎಳೆಯಿರಿ. ವ್ಯಯದ ಮೊದಲ ಸಾಲಿನಲ್ಲಿ ಬಡ್ಡಿಯನ್ನು ಬರೆಯಿರಿ. ಅದನ್ನು ನೋಡದೆ ಹಾಲಿನವನಿಗೆ ಬೇಡವೆಂದು ಹೇಳಬೇಡಿರಿ. ಆ ರಾತ್ರಿಯಿಂದಲೇ ಬಡಿಸುವಾಗ ಮನೆಯಾಕೆಯ ಪಾಲನ್ನೂ ಎಲ್ಲರ ಪಾಲಿನೊಡನೆ ಮೊದಲೇ ತಟ್ಟೆಗೆ ತೆಗೆದಿಡಿರಿ. ಸಾಧ್ಯವಾದರೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ. ಪಾತ್ರೆಯಲ್ಲಿ ಎಷ್ಟಿದೆಯೆಂಬುದು ಆಗ ಎಲ್ಲರಿಗೂ ಕಾಣುವುದು.