ತಿಳಿನೀರಿನ ತಿಂಗಳಲ್ಲೇ ಕೆಸರೆಬ್ಬಿಸುವುದೇಕೆ?

ಮೈಸೂರಿನಲ್ಲಿ ವಿದ್ಯಾರ್ಥಿಗಳೊಡನೆ ನಡೆದ ಮಾತುಕತೆಯೊಂದರಲ್ಲಿ ಹುಡುಗನೊಬ್ಬ ಎದ್ದು ಕೇಳಿದ: “ಸರ್, ಮಳೆಗಾಲದಲ್ಲಿ ನದಿಗಳೇ ಅಷ್ಟೊಂದು ಕೆಸರನ್ನು ಕಡಲಿಗೆ ಸುರಿಯುತ್ತವೆ. ಬಂದರು ಕಟ್ಟುವವರು ಎಬ್ಬಿಸುವ ಕೆಸರಿನಿಂದ ಹವಳಕ್ಕೆ ಹೆಚ್ಚೇನು ಹಾನಿ?” ಆತ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ಹವಳವನ್ನು ಕಣ್ಣಾರೆ ಕಂಡು ಬಂದವನು. ಪ್ರಶ್ನೆ ಯೋಗ್ಯವಾದುದೇ, ಕಾಮಗಾರಿಯ ಪರವಾಗಿ ಮಾತನಾಡುವವರೂ ಇದನ್ನೇ ವಾದವಾಗಿ ಮಂಡಿಸುತ್ತಾರೆ.

ಉತ್ತರವಿರುವುದು ಪಂಚಾಂಗದಲ್ಲಿ. ಶರಾವತಿ, ಅಘನಾಶಿನಿ, ಕಾಳಿ ನದಿಗಳು ಘಟ್ಟದ ಮಣ್ಣನ್ನು ಹೊತ್ತು ತರುವುದು ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹವಳವು ಗಿಡವಲ್ಲ, ಪ್ರಾಣಿ. ಅದರ ಮೈಯೊಳಗೆ ನೆಲಸಿರುವ ಸೂಕ್ಷ್ಮ ಪಾಚಿಯು ಬೆಳಕಿನಿಂದ ಆಹಾರ ತಯಾರಿಸಿ ಅದನ್ನು ಸಾಕುತ್ತದೆ. ಮಳೆಗಾಲದ ಮಬ್ಬಿನಲ್ಲಿ ಅರೆಹೊಟ್ಟೆಯಲ್ಲಿ ಬದುಕುವ ಹವಳ ಚೇತರಿಸಿಕೊಳ್ಳುವುದು ಅನಂತರದ ತಿಳಿನೀರಿನ ತಿಂಗಳುಗಳಲ್ಲಿ. ಕಡಲು ಶಾಂತವಾಗಿರುವುದೂ ಆಗಲೇ. ಆದ್ದರಿಂದ ಹೂಳೆತ್ತುವುದು, ಕಲ್ಲು ಸುರಿಯುವುದು ಎಲ್ಲವೂ ಆಗಲೇ. ಹವಳಕ್ಕೆ ವಿರಾಮವೇ ಇಲ್ಲದಂತಾಗುತ್ತದೆ. ನಾಟಿಯಾದ ಮೇಲೂ ದಿನವೂ ಗದ್ದೆಯ ಕೆಸರನ್ನು ಕಲಕುತ್ತಿದ್ದರೆ ಸಸಿ ಬೇರೂರುವುದೆ?

ಮರಳು ನಿಮಿಷಗಳಲ್ಲಿ ತಳ ಸೇರುತ್ತದೆ. ಜೇಡಿಯ ನುಣ್ಣನೆಯ ಕಣ ಹಾಗಲ್ಲ. ದಿನಗಟ್ಟಲೆ ತೇಲಿ, ಪ್ರವಾಹದೊಡನೆ ದೂರ ಸಾಗುತ್ತದೆ. ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿದೆ, ನಿಜ. ಆದರೆ ಹೂಳೆತ್ತಿದ ಮಣ್ಣನ್ನು ನಾವೆಯಲ್ಲಿ ತುಂಬಿ ನಡುಗಡಲಿನಲ್ಲಿ ಸುರಿಯುವ ರೂಢಿಯಿರುವಾಗ, ಸುರಿಯುವ ಜಾಗ ಯಾವುದೆಂದು ಕೇಳದೆ ನಿಶ್ಚಿಂತರಾಗಿರುವುದು ಹೇಗೆ? ಹೊನ್ನಾವರದ ಕಾಸರಕೋಡು, ಅಂಕೋಲೆಯ ಕೇಣಿಗಳಲ್ಲಿ ಬಂದರು ಯೋಜನೆಗಳನ್ನು ಮೀನುಗಾರರು ವಿರೋಧಿಸುತ್ತ ಬಂದಿದ್ದಾರೆ; ಅವರ ಪ್ರಶ್ನೆಗಳ ಜೊತೆಗೆ ಇದೂ ಸೇರಬೇಕು.

ಕೆಸರನ್ನು ಹದ್ದಿನಲ್ಲಿಡುವ ಉಪಾಯಗಳಿಗೆ ಕೊರತೆಯಿಲ್ಲ. ಅಲೆತಡೆಗೆ ಹಾಕುವ ಕಲ್ಲನ್ನು ಕ್ವಾರಿಯ ಧೂಳು ಹೋಗುವಂತೆ ತೊಳೆದು ಹಾಕಬಹುದು. ಕಾಮಗಾರಿಯ ಸುತ್ತ ನೀರಿನಲ್ಲಿ ಹೂಳುಪರದೆ ಇಳಿಬಿಡಬಹುದು. ಅಳಿವೆಯ ನಿಂತ ನೀರಿನಲ್ಲಿ ಅದು ಉಪಯುಕ್ತ, ತೆರೆಯೇಳುವ ಕಡಲಿನಲ್ಲಿ ಹೆಚ್ಚಾಗಿ ತೋರಿಕೆಯ ವಸ್ತು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಮಬ್ಬು ನಿಗದಿತ ಮಿತಿ ಮೀರಿದ ದಿನವೇ ಕೆಲಸ ನಿಲ್ಲಬೇಕೆಂಬ ಷರತ್ತು. ಪರಿಸರ ಅನುಮತಿ ಪಡೆದವರು ಪಾಲನಾ ವರದಿ ಸಲ್ಲಿಸುವುದು ಆರು ತಿಂಗಳಿಗೊಮ್ಮೆ. ಹೂಳಿನಡಿ ಸಿಲುಕಿದ ಹವಳ ಅಷ್ಟು ಕಾಲ ಕಾಯಲಾರದು.

ಕಾನೂನಿನ ಬಲವೂ ಇದೆ. ಬಂಡೆ ಕಟ್ಟುವ ಹವಳಗಳು 2001ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿವೆ. ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಮುಂಬಯಿಯ ಕರಾವಳಿ ರಸ್ತೆಗಾಗಿ 2020ರಲ್ಲಿ 18 ಹವಳ ಸಮೂಹಗಳನ್ನು ಕಿತ್ತು ಬೇರೆಡೆ ನೆಟ್ಟರು. ಅದು ಕಡೆಯ ಉಪಾಯವಾಗಬಹುದೇ ಹೊರತು ಕೆಸರೆಬ್ಬಿಸಲು ಪರವಾನಗಿಯಾಗಬಾರದು.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. 1865ರಲ್ಲಿ ಇಟಲಿಯ ಪಾದ್ರಿ, ವಿಜ್ಞಾನಿ ಸೆಕ್ಕಿ ಬಳಸಿದ ಬಿಳಿ ತಟ್ಟೆ ಇಂದಿಗೂ ಕಡಲಿನ ತಿಳಿಯನ್ನು ಅಳೆಯುತ್ತದೆ. 30 ಸೆಂ.ಮೀ. ಅಗಲದ ತಟ್ಟೆಗೆ ಭಾರ ಕಟ್ಟಿ, ಗುರುತು ಹಾಕಿದ ಹಗ್ಗದಲ್ಲಿ ಇಳಿಸಿ, ಅದು ಕಣ್ಮರೆಯಾಗುವ ಆಳವನ್ನು ಬರೆದಿಡಿ. ಮೀನುಗಾರರ ದೋಣಿಯಲ್ಲಿ ಬರುವ ಅಕ್ಟೋಬರಿನಿಂದ ಮೇ ತನಕ ವಾರಕ್ಕೊಮ್ಮೆ ಅಳೆದರೂ ಸಾಕು. ಸಾರ್ವಜನಿಕ ಅಹವಾಲು ಸಭೆಯ ಮೇಜಿನ ಮೇಲಿಡಲು ನಮ್ಮದೇ ಆದ ಒಂದು ಲೆಕ್ಕ ಇರುತ್ತದೆ.