ಗೇಟಿನ ಚಿಂತೆಯ ಜೊತೆಗೆ ಸವಳಿನ ಚಿಂತೆಯೂ ಇರಲಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಂದಿನಿಂದ ಸಿಂಧನೂರು, ಮಸ್ಕಿಯ ಎಡದಂಡೆ ಭಾಗದಲ್ಲಿ ನೀರಿನ ಕೊರತೆಯದೇ ಮಾತು. ನೀರು ಹೆಚ್ಚಾಗಿ ಕೆಟ್ಟ ಹೊಲಗಳ ಮಾತು ಅಷ್ಟಾಗಿ ಕೇಳಿಬರುತ್ತಿಲ್ಲ.

ಎರೆ ಭೂಮಿಯಲ್ಲಿ ನೀರು ಬೇಗ ಬಸಿಯದು. ಭತ್ತಕ್ಕೆ ಸದಾ ನೀರು ನಿಲ್ಲಿಸಿದರೆ ಅಂತರ್ಜಲ ಮೇಲೇರಿ ಲವಣ ತರುತ್ತದೆ. ನೀರು ಆರಿದರೂ ಲವಣ ಉಳಿಯುತ್ತದೆ; ಇದೇ ಸವಳು. ಸೋಡಿಯಂ ಹೆಚ್ಚಿ ರಸಸಾರ 8.5 ದಾಟಿದರೆ ಅದು ಕ್ಷಾರ ಭೂಮಿ. ರಸಸಾರ 7 ಎಂದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಅಲ್ಲಿಂದ ಒಂದಂಕ ಏರಿದರೆ ಕ್ಷಾರಗುಣ ಹತ್ತು ಪಟ್ಟು. ಆಗ ಸತು, ಕಬ್ಬಿಣ ಮಣ್ಣಿನಲ್ಲಿದ್ದರೂ ಬೆಳೆಗೆ ಸರಿಯಾಗಿ ದಕ್ಕವು.

ಕ್ಷಾರಕ್ಕೆ ಜಿಪ್ಸಂ ಮದ್ದು. ಅದು ಆಮ್ಲವಲ್ಲ, ಅದರ ಕ್ಯಾಲ್ಸಿಯಂ ಮಣ್ಣಿಗಂಟಿದ ಸೋಡಿಯಂ ಬಿಡಿಸುತ್ತದೆ. ಬಿಟ್ಟ ಸೋಡಿಯಂ ತೊಳೆದುಹೋಗಲು ಬಸಿಗಾಲುವೆ ಬೇಕು. ಇಲ್ಲದಿದ್ದರೆ ಖರ್ಚು ದಂಡ. ಬರೀ ಸವಳಿಗೆ ಜಿಪ್ಸಂ ಬೇಡ, ಒಳ್ಳೆಯ ನೀರಿನಿಂದ ತೊಳೆದು ಬಸಿದರೆ ಸಾಕು. ಯಾವುದೆಂದು ಮಣ್ಣು ಪರೀಕ್ಷೆಯೇ ಹೇಳಬೇಕು. ಎಕರೆಗೆ ಎಷ್ಟು ಜಿಪ್ಸಂ ಎಂಬುದೂ ಅದರಿಂದಲೇ.

ಒಬ್ಬರ ಹೊಲದ ಬಸಿನೀರು ಪಕ್ಕದವರ ಹೊಲ ದಾಟಿಯೇ ಹಳ್ಳ ಸೇರಬೇಕು. ಆದ್ದರಿಂದ ಇದು ಊರೊಟ್ಟಿನ ಕೆಲಸ. ಲಿಂಗಸುಗೂರಿನ ನಾರಾಯಣಪುರ ಕಾಲುವೆಯ ರೈತರೂ ಇದನ್ನು ಮೊದಲೇ ಮನಗಾಣಲಿ. ಗೇಟಿಗೆ ಹಣ ಕೇಳುವಾಗ ಬಸಿಗಾಲುವೆಗೂ ಕೇಳಿರಿ.