ನಳಿಕೆಯ ಮೇಲಿನ ದಿನಾಂಕವನ್ನೂ ಓದಿ: ಪಶುಸಂಗೋಪನಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ನಿವೃತ್ತ ಪಶುವೈದ್ಯ. ಸೇವೆಯ ಬಹುಪಾಲು ಕಳೆದದ್ದು ಮಂಡ್ಯ ಸೀಮೆಯ ಹಳ್ಳಿಗಳಲ್ಲಿ. ಒಂದು ಕಾರ್ತಿಕದ ಬೆಳಿಗ್ಗೆ ಹೆಣ್ಣುಮಗಳೊಬ್ಬರು ತಮ್ಮ ಎಚ್‌ಎಫ್ ಮಿಶ್ರತಳಿ ಹಸುವನ್ನು ನಾಲ್ಕನೇ ಸಲ ಆಸ್ಪತ್ರೆಗೆ ಹೊಡೆದುಕೊಂಡು ಬಂದರು. "ಮೂರು ಸಲ ಹಾಕ್ಸಿದ್ರೂ ಗಬ್ಬ ನಿಂತಿಲ್ಲ ಸಾರ್, ಇದು ಗೊಡ್ಡಾ?" ಎಂದರು. ಗರ್ಭಕೋಶದಲ್ಲಿ ಯಾವ ದೋಷವೂ ಕೈಗೆ ಸಿಗಲಿಲ್ಲ. ಬೆದೆ ಇಪ್ಪತ್ತೊಂದು ದಿನಕ್ಕೆ ಸರಿಯಾಗಿ ಬರುತ್ತಿತ್ತು. ಆದರೂ ಖನಿಜ ಮಿಶ್ರಣ ಬರೆದುಕೊಟ್ಟು ಕಳಿಸಿದೆ. ಮುಂದಿನ ತಿಂಗಳು ಆಕೆ ಹಸು ಮಾರಿದರು. ಆಮೇಲೆ ನನ್ನ ಡೈರಿ ತಿರುವಿದಾಗ ಕಂಡದ್ದು ಇದು: ಆಕೆಯ ಹಸುವಿಗೆ ಹಾಕಿದ್ದ ಹೋರಿಯದೇ, ಜೂನ್ ತಿಂಗಳ ಒಂದೇ ದಿನ ಸಂಗ್ರಹಿಸಿದ ವೀರ್ಯದ ನಳಿಕೆಗಳನ್ನು ಹಾಕಿದ್ದ ಏಳು ಹಸುಗಳಲ್ಲಿ ಆರು ಮತ್ತೆ ಬೆದೆಗೆ ಬಂದಿದ್ದವು. ಅದೇ ಹೋರಿಯ ಚಳಿಗಾಲದ ನಳಿಕೆಗಳು ಚೆನ್ನಾಗಿಯೇ ಗಬ್ಬ ನಿಲ್ಲಿಸಿದ್ದವು.

ಏಳು ಹಸುಗಳ ಲೆಕ್ಕದಿಂದ ಏನೂ ಸಾಬೀತಾಗದು. ಆದರೆ ಅಂದಿನಿಂದ ಆ ದಿನಾಂಕ ನನ್ನನ್ನು ಬಿಟ್ಟಿಲ್ಲ. ಹಸುವನ್ನು ಮೂರು ಸಲ ತಪಾಸಣೆ ಮಾಡಿದ ನಾನು ಹೋರಿಯ ಬಗ್ಗೆ ಒಂದು ಸಲವೂ ಕೇಳಿರಲಿಲ್ಲ.

ಹೋರಿಯ ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 61 ದಿನ ಬೇಕು. ಅಲ್ಲಿಂದ ಮುಂದಿನ ಕೊಳವೆಯಲ್ಲಿ ಬಲಿಯಲು ಇನ್ನೂ ಹತ್ತು ದಿನದ ಆಸುಪಾಸು. ವೃಷಣ ದೇಹಕ್ಕಿಂತ ಕೆಲವು ಡಿಗ್ರಿ ತಂಪಾಗಿರಬೇಕು. ಅದಕ್ಕಾಗಿಯೇ ಅದು ಹೊರಗೆ ಜೋತುಬಿದ್ದಿದೆ. ಏಪ್ರಿಲ್ ಬಿಸಿಲಿಗೆ ಬೆಂದ ವೀರ್ಯಾಣು ಹೊರಬರುವುದು ಜೂನ್‌ನಲ್ಲಿ. ಅಷ್ಟರಲ್ಲಿ ಮುಂಗಾರು ಬಿದ್ದು ಕೊಟ್ಟಿಗೆ ತಣ್ಣಗಾಗಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಆ ಎಪ್ಪತ್ತು ದಿನಗಳಲ್ಲಿ ವೀರ್ಯಾಣುವಿನ ಡಿಎನ್‌ಎ ಮೇಲೆ ಒಂದು ಬರವಣಿಗೆ ನಡೆಯುತ್ತದೆ. ವಿಜ್ಞಾನಿಗಳು ಇದನ್ನು ಎಪಿಜೆನೆಟಿಕ್ಸ್ ಎನ್ನುತ್ತಾರೆ. ರೈತರಿಗೆ ನಾನು ಪಹಣಿ ತೋರಿಸಿ ಹೇಳುತ್ತಿದ್ದೆ. ಜೀನು ಎಂದರೆ ಸರ್ವೆ ನಂಬರ್, ಅದು ಅಪ್ಪನಿಂದ ಮಗನಿಗೆ ಹಾಗೇ ಬರುತ್ತದೆ. ಆದರೆ ಈ ವರ್ಷ ಯಾವ ತುಂಡಿನಲ್ಲಿ ಬೆಳೆ ಇದೆ, ಯಾವುದು ಬೀಳು ಬಿದ್ದಿದೆ ಎಂಬ ಕಾಲಂ ಬೇರೆ. ಅದು ಮಳೆ, ಬಿಸಿಲು, ಕೈಯಲ್ಲಿರುವ ಕಾಸು ನೋಡಿ ಬದಲಾಗುತ್ತದೆ. ಡಿಎನ್‌ಎಯ ಕೆಲವು ಜಾಗಗಳಿಗೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಅಂಟಿದರೆ ಅಲ್ಲಿನ ಜೀನು ಸಾಮಾನ್ಯವಾಗಿ ಸುಮ್ಮನಿರುತ್ತದೆ. ಡಿಎನ್‌ಎಯ ಬಹುಪಾಲನ್ನು ಹಿಸ್ಟೋನ್ ಎಂಬ ಪ್ರೋಟೀನುಗಳಿಂದ ಬಿಡಿಸಿ ಪ್ರೋಟಮೈನ್ ಎಂಬ ಪ್ರೋಟೀನಿನಿಂದ ಬಿಗಿಯಾಗಿ ಮಡಚುವುದೂ ಇದೇ ಹೊತ್ತಿನಲ್ಲಿ. ಜೊತೆಗೆ ಒಂದಷ್ಟು ಸಣ್ಣ ಆರ್‌ಎನ್‌ಎ ತುಣುಕುಗಳೂ ಬುತ್ತಿಯಂತೆ ಹೋಗುತ್ತವೆ. ಈ ಮಡಿಕೆ ಸಡಿಲವಾದರೆ, ಗುರುತು ತಪ್ಪಿದರೆ, ವೀರ್ಯಾಣು ಚುರುಕಾಗಿ ಈಜಿ ಅಂಡವನ್ನು ಮುಟ್ಟಿದರೂ ಭ್ರೂಣ ಕೆಲವೇ ದಿನಗಳಲ್ಲಿ ಕಮರಬಹುದು. ಹಸು ಮತ್ತೆ ಬೆದೆಗೆ ಬಂದಾಗ ರೈತ ಬೈಯುವುದು ಹಸುವನ್ನೇ.

ಅಂಡದೊಂದಿಗೆ ಕೂಡಿದ ಮೇಲೆ ಇಂಥ ಗುರುತುಗಳಲ್ಲಿ ಹೆಚ್ಚಿನವು ಅಳಿಸಿಹೋಗುತ್ತವೆ. ಆದ್ದರಿಂದ ಹೋರಿ ಬಿಸಿಲಲ್ಲಿ ನಿಂತಿತೆಂದು ಮೊಮ್ಮಗಳ ಹಾಲು ಕಡಿಮೆಯಾಗುತ್ತದೆ ಎಂದು ನಾನು ಯಾರನ್ನೂ ಹೆದರಿಸುವುದಿಲ್ಲ. ಆದರೆ ತಂದೆ–ತಾಯಿಯ ಮುದ್ರೆ ಹೊತ್ತ ಕೆಲವು ಜೀನುಗಳು ಅಳಿಸದೆ ಉಳಿಯುತ್ತವೆ. ಪ್ರಯೋಗಾಲಯದಲ್ಲಿ ಬೆಳೆಸಿದ ಭ್ರೂಣಗಳಲ್ಲಿ ಆ ಮುದ್ರೆ ಕೆಟ್ಟಾಗ ಕರು ವಿಪರೀತ ದಪ್ಪವಾಗಿ, ನಾಲಿಗೆ ಹೊರಚಾಚಿ ಹುಟ್ಟಬಹುದು. ಆ ಗುರುತು ಕರುವಿನ ಮೈಯವರೆಗೂ ಮುಟ್ಟಬಲ್ಲದು ಎನ್ನಲು ಅದೊಂದೇ ಸಾಕು.

ಸಚಿವರೇ, 1939ರಲ್ಲಿ ಮೈಸೂರಿನ ಅರಮನೆಯ ಡೇರಿಯಲ್ಲಿ ಸಂಪತ್ ಕುಮಾರನ್ ಅವರು ಈ ದೇಶದ ಕೃತಕ ಗರ್ಭಧಾರಣೆಗೆ ನಾಂದಿ ಹಾಡಿದರು. ಇಂದು ಹೆಸರಘಟ್ಟದ ವೀರ್ಯ ಕೇಂದ್ರಗಳು ಆ ಕೆಲಸವನ್ನು ಎಲ್ಲಿಂದ ಎಲ್ಲಿಗೋ ಒಯ್ದಿವೆ. ಕಾಲು ಮಿಲಿಲೀಟರಿನ ನಳಿಕೆಯಲ್ಲಿ ಎರಡು ಕೋಟಿ ವೀರ್ಯಾಣು ಇರಬೇಕು, ಕರಗಿಸಿದ ಮೇಲೆ ಅರ್ಧದಷ್ಟಾದರೂ ಈಜಬೇಕು ಎಂಬ ಮಾನದಂಡ ಒಳ್ಳೆಯದೇ. ಆದರೆ ಸೂಕ್ಷ್ಮದರ್ಶಕಕ್ಕೆ ಕಾಣುವುದು ಈಜು, ಮಡಿಕೆಯಲ್ಲ. 2024ರಲ್ಲಿ ಬಂದ, ದನಗಳ ಜೀನು ಪರೀಕ್ಷಿಸುವ ಗೌ ಚಿಪ್ ಓದುವುದೂ ಸರ್ವೆ ನಂಬರನ್ನೇ. ಹೋರಿಯ ಗುಣ ಎಳವೆಯಲ್ಲೇ ಅಂದಾಜಾಗುವುದರಿಂದ ಚಿಪ್ ಬಂದ ಮೇಲೆ ಎಳೆಯ ಹೋರಿಗಳಿಂದಲೇ ವೀರ್ಯ ತೆಗೆಯುವ ಅವಸರ ಎಲ್ಲೆಡೆ ಹೆಚ್ಚುತ್ತದೆ. ಹತ್ತು ತಿಂಗಳಿನ ಹೋರಿಯ ವೀರ್ಯದ ಗುರುತುಗಳು ಅದೇ ಹೋರಿಗೆ ಹದಿನಾರು ತಿಂಗಳಾದಾಗಿನ ಗುರುತುಗಳಂತಿಲ್ಲ ಎಂದು ಕೆನಡಾದ ಸಂಶೋಧಕರು ತೋರಿಸಿದ್ದಾರೆ.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಪ್ರತಿ ನಳಿಕೆಯ ಮೇಲೆ ಹೋರಿಯ ನಂಬರಿನ ಜೊತೆ ಸಂಗ್ರಹದ ದಿನಾಂಕವೂ ಅಚ್ಚಾಗಿರುತ್ತದೆ. ಗರ್ಭಧಾರಣೆ ಮಾಡಿದಾಗ ಆ ದಿನಾಂಕವನ್ನೂ ಕಡ್ಡಾಯವಾಗಿ ದಾಖಲಿಸಲು ಆದೇಶ ಹೊರಡಿಸಿ. ಗಬ್ಬ ನಿಂತಿತೋ ಇಲ್ಲವೋ, ಕಂದು ಹಾಕಿತೋ, ಕರು ಹೇಗಿತ್ತು ಎಂಬುದು ಆ ದಿನಾಂಕಕ್ಕೇ ಜೋಡಣೆಯಾಗಿ ವೀರ್ಯ ಕೇಂದ್ರಕ್ಕೆ ಹಿಂತಿರುಗಲಿ. ಸೋತ ಬ್ಯಾಚುಗಳ ಒಂದೆರಡು ನಳಿಕೆಗಳು ಆಡುಗೋಡಿಯ ಪಶು ಸಂಶೋಧನಾ ಪ್ರಯೋಗಾಲಯಗಳಿಗೆ ಹೋಗಲಿ. ಹೆಚ್ಚು ಮತ್ತು ಕಡಿಮೆ ಗಬ್ಬ ನಿಲ್ಲಿಸುವ ಹೋರಿಗಳ ವೀರ್ಯದ ಆರ್‌ಎನ್‌ಎಯನ್ನು ಹೋಲಿಸುವ ಕೆಲಸ ಬೆಂಗಳೂರಿನಲ್ಲೇ ನಡೆದಿದೆ, ಪರಿಣತರಿಗಾಗಿ ದೂರ ಹುಡುಕಬೇಕಿಲ್ಲ. ಮಾರ್ಚ್‌ನಿಂದ ಮೇವರೆಗೆ ಹೋರಿಗಳ ಕೊಟ್ಟಿಗೆಯಲ್ಲಿ ನೆರಳು, ಫ್ಯಾನು, ನೀರಿನ ತುಂತುರು ಒಂದು ದಿನವೂ ತಪ್ಪಬಾರದು. ತಪ್ಪಿದ ದಿನ ರಿಜಿಸ್ಟರಿನಲ್ಲಿ ಬರೆದಿರಬೇಕು, ಎಪ್ಪತ್ತು ದಿನದ ನಂತರದ ನಳಿಕೆಗಳನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು.

ನನ್ನ ಸೇವೆಯ ಡೈರಿಗಳೆಲ್ಲ ಮನೆಯ ಅಟ್ಟದ ಮೇಲಿವೆ. ಹೋರಿ ನಂಬರ್, ನಳಿಕೆಯ ದಿನಾಂಕ, ಹಾಕಿದ ದಿನ, ಫಲಿತಾಂಶ ಎಲ್ಲವೂ ಅವುಗಳಲ್ಲಿದೆ. ನಿಮ್ಮ ಇಲಾಖೆಯಿಂದ ಯಾರಾದರೂ ಬಂದರೆ ಇಳಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಶುವೈದ್ಯ